ಕಡಿದದ್ದನ್ನು ಮೊದಲು ಹಿಡಿದು ನೋಡಿ

ಗಡಹಿಂಗ್ಲಜದ ನಮ್ಮ ಹಂಚಿನ ಮನೆಯಲ್ಲಿ ಹುಡುಗರು ಬೆಳಿಗ್ಗೆ ಮೈ ಕೆರೆದುಕೊಳ್ಳುತ್ತ ಎದ್ದರೆ ಅಜ್ಜಿ ಔಷಧದ ಮಾತೇ ಎತ್ತುತ್ತಿರಲಿಲ್ಲ. ಬಾಗಿಲ ಬೆಳಕಿಗೆ ನಿಲ್ಲಿಸಿ, ಗಂಧೆ ಎಲ್ಲಿ ಎದ್ದಿವೆ ಎಂದು ನೋಡುತ್ತಿದ್ದಳು. ಕಾಲಿನ ಹರಡಿನ ಸುತ್ತ ಇದ್ದರೆ ಚಿಗಟ. ರಾತ್ರಿ ಬೆಕ್ಕು ಎಲ್ಲಿ ಮಲಗಿತ್ತು ಎಂದು ವಿಚಾರಣೆ. ಕುತ್ತಿಗೆ, ತೋಳು, ಹೀಗೆ ಕೌದಿಯಿಂದ ಹೊರಗುಳಿದ ಕಡೆ ಸಾಲಾಗಿ ಎದ್ದಿದ್ದರೆ ತಗಣಿ. ಬೆರಳ ಸಂದಿಯಲ್ಲಿ, ಉಡಿದಾರದ ಸುತ್ತ ಸಣ್ಣ ಗುಳ್ಳೆ ಬಂದು ರಾತ್ರಿ ತುರಿಕೆ ಏರಿದರೆ ಮಾತ್ರ ಅವಳ ದನಿ ಬದಲಾಗುತ್ತಿತ್ತು: "ಇದು ಕಡದದ್ದಲ್ಲೋ, ಕಜ್ಜಿ. ಮನಿ ಮಂದಿಗೆಲ್ಲಾ ಹಚ್ಚಬೇಕು." ಚರ್ಮದ ಡಾಕ್ಟರರು ಇವತ್ತಿಗೂ ಹೆಚ್ಚುಕಡಿಮೆ ಇದನ್ನೇ ನೋಡುತ್ತಾರೆ, ಕಜ್ಜಿಗೆ ಮನೆಯವರಿಗೆಲ್ಲ ಒಟ್ಟಿಗೇ ಔಷಧ ಕೊಡುತ್ತಾರೆ.

ತಗಣಿ ಎಂದು ಗೊತ್ತಾದರೆ ಹೊರಸು ಅಂಗಳಕ್ಕೆ ಬರುತ್ತಿತ್ತು. ಬೇಸಿಗೆಯ ಬಿಸಿಲಿನಲ್ಲಿ ಅದನ್ನು ಅಡ್ಡ ನಿಲ್ಲಿಸಿ, ಕಾಲುಗಳ ಕೀಲಿಗೆ ಕುದಿಯುವ ನೀರು ಹೊಯ್ದರೆ ನುಲಿ ಸುತ್ತಿದ ಕಡೆಯಿಂದ ಅವು ಉದುರುತ್ತಿದ್ದವು. ರಕ್ತ ಕುಡಿದವು ಕಡುಗೆಂಪಾಗಿ ಉಬ್ಬಿರುತ್ತಿದ್ದವು, ಹಸಿದವು ಚಪ್ಪಟೆ, ಕಂದು. ಮರಿಗಳನ್ನು ಕಣ್ಣು ಕಿರಿದು ಮಾಡಿ ಹುಡುಕಬೇಕು, ಒಣಹುಲ್ಲಿನ ಬಣ್ಣ. ಮರದ ಸಂದಿಯಲ್ಲಿ ಮಸಿಯ ಹನಿಯಂಥ ಕಪ್ಪು ಚುಕ್ಕೆ. ಅದು ಅವು ಅರಗಿಸಿಕೊಂಡು ಬಿಟ್ಟ ನಮ್ಮದೇ ರಕ್ತ. ಪಕ್ಕದಲ್ಲಿ ಒಂದು ಮಿಲಿಮೀಟರಿನಷ್ಟು ಬಿಳಿ ಮೊಟ್ಟೆ. 50 ಡಿಗ್ರಿ ಸೆಲ್ಸಿಯಸ್‌ ದಾಟಿದ ಬಿಸಿಗೆ ತಗಣಿಯೂ ಉಳಿಯುವುದಿಲ್ಲ, ಮೊಟ್ಟೆಯೂ ಉಳಿಯುವುದಿಲ್ಲ. ಕುದಿನೀರು ತಾಗಿದಲ್ಲೆಲ್ಲ ಕೆಲಸ ಮುಗಿಯುತ್ತಿತ್ತು. ತಾಗದ ಕಡೆ ಉಳಿದವು ಮತ್ತೆ ಹೆಚ್ಚುತ್ತಿದ್ದವು. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ತಗಣಿ ತೀರಾ ಹೋದ ವರ್ಷ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ನಮ್ಮ ಕಾಕಾ ಇದ್ದ ಇಚಲಕರಂಜಿಯಲ್ಲಿ ತಗಣಿಯ ಕಥೆ ಇನ್ನೂ ಕೆಟ್ಟದ್ದು. ಊರಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಆಮೇಲೆ ಮಗ್ಗ ಬೆಳೆದಷ್ಟೂ ಕೂಲಿಗೆ ಬಂದವರು ಬೆಳೆದರು; ಅಥಣಿ, ರಾಯಬಾಗ, ಚಿಕ್ಕೋಡಿ, ಜತ್ತ ಕಡೆಯ ಕನ್ನಡದವರೂ ಅವರಲ್ಲಿ ಬಹಳ. ಕಾಕಾನ ಖೋಲಿಯಲ್ಲಿ ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದ. ತಗಣಿ ರಾತ್ರಿಯ ಹುಳ ನಿಜ, ಆದರೆ ಮನುಷ್ಯ ಹಗಲು ಮಲಗಿದರೆ ಹಗಲೇ ಹೊರಬರುತ್ತದೆ. ಅಲ್ಲಿ ಹಾಸಿಗೆ ಬಿಸಿಲು ಕಾಣಲು ಬಿಡುವೇ ಇರಲಿಲ್ಲ. ಕುದಿನೀರಿಗೆ ಅಂಗಳವೂ ಇರಲಿಲ್ಲ. ಹಾಗಾಗಿ ಟಿಕ್‌-20 ಬಾಟಲಿ. ಉಣ್ಣುವ ತಾಟಿನ ಪಕ್ಕದ ಗೂಡಿನಲ್ಲೇ ಆ ವಿಷ ಇರುತ್ತಿತ್ತು. ಈಗ ನೆನೆದರೆ ತಗಣಿಗಿಂತ ಅದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಅದಕ್ಕೂ ಹಿಂದೆ ಡಿಡಿಟಿ ಇತ್ತು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಗೋಡೆಗೋಡೆಗೂ ಅದನ್ನು ಹೊಡೆದರು. ಹೊಡೆದ ಮೇಲೂ ತಗಣಿ ಸಾಯಲಿಲ್ಲ ಎಂದು ಹಿರಿಯರು ದೂರುತ್ತಿದ್ದರು. ಅದು ಬರೀ ಗೊಣಗಾಟ ಆಗಿರಲಿಲ್ಲ. ಡಿಡಿಟಿಗೆ ಜಗ್ಗದ ತಗಣಿಗಳು 1947ರಷ್ಟು ಹಿಂದೆಯೇ ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ ಕಂಡಿದ್ದವು. ಈಗಿನ ಅನೇಕ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್‌ಗೂ ಅವು ಹಾಗೆಯೇ ಒಗ್ಗಿಕೊಂಡಿವೆ.

ಈಗ ನಾವಿರುವುದು ಕೊಲ್ಲಾಪುರದ ಫ್ಲ್ಯಾಟಿನಲ್ಲಿ. ಫೋಮಿನ ಗಾದಿ, ಜಾಳಿಗೆ ಹಾಕಿದ ಕಿಟಕಿ. ಹೀಗಿದ್ದೂ ಪಕ್ಕದ ಮನೆಯ ವಹಿನಿಯ ಮಗನ ಮೈಮೇಲೆ ಗುಳ್ಳೆ ಎದ್ದವು. ಅಲರ್ಜಿ ಎಂದರು, ಬೋರಿನ ನೀರು ಎಂದರು, ಸಾಬೂನು ಬದಲಿಸಿದರು. ತಗಣಿ ಇರಬಹುದೇ ಎಂದು ಕೇಳಿದ್ದಕ್ಕೆ ವಹಿನಿಯ ಮುಖ ಕೆಂಪಾಯಿತು, "ಆಮಚ್ಯಾ ಘರಾತ?" (ನಮ್ಮ ಮನೆಯಲ್ಲೇ?) ಎಂದರು. ತಗಣಿಗೆ ಬೇಕಾದದ್ದು ರಕ್ತ ಮತ್ತು ಒಂದು ಸಂದಿ. ರಾತ್ರಿ ಬಸ್ಸಿನ ಸ್ಲೀಪರಿನಿಂದ ಬ್ಯಾಗಿನಲ್ಲಿ ಬರುತ್ತದೆ, ಕೊಂಡು ತಂದ ಹಳೇ ಸೋಫಾದಲ್ಲಿ ಬರುತ್ತದೆ. ಮನೆಯ ಸ್ವಚ್ಛತೆಗೂ ಅದಕ್ಕೂ ಸಂಬಂಧ ಕಡಿಮೆ. ನಾಚಿಕೆಯಿಂದ ಮುಚ್ಚಿಟ್ಟಷ್ಟು ದಿನ ಅದು ಮೊಟ್ಟೆ ಇಡುತ್ತದೆ.

ವಹಿನಿಯ ಮನೆಯಲ್ಲಿ ತಗಣಿ ಇರಲಿಲ್ಲ. ಗಾದಿಯ ಹೊಲಿಗೆ ಬಿಡಿಸಿ ನೋಡಿದೆವು, ಚುಕ್ಕೆಯಿಲ್ಲ, ಪೊರೆಯಿಲ್ಲ. ಹುಡುಗ ಮಲಗುತ್ತಿದ್ದುದು ಕಿಟಕಿಯ ಬುಡದಲ್ಲಿ. ಕಿಟಕಿಯ ಕಟ್ಟೆಗೆ ಪಾರದರ್ಶಕ ಅಂಟುಪಟ್ಟಿ ಒತ್ತಿ ತೆಗೆದು ಬಿಳಿ ಕಾಗದದ ಮೇಲಿಟ್ಟರೆ ಸೂಜಿಮೊನೆಯಂಥ ಕಣಗಳು ಅಂಟಿನಲ್ಲಿ ಕಾಲು ಆಡಿಸುತ್ತಿದ್ದವು. ಹೊರಗೆ ಎಸಿ ಪೆಟ್ಟಿಗೆಯ ಹಿಂದೆ ಪಾರಿವಾಳದ ಗೂಡು. ಮರಿಗಳು ಹಾರಿಹೋಗಿದ್ದವು. ಗೂಡು ಖಾಲಿಯಾದರೆ ಹಕ್ಕಿಯ ನುಸಿಗಳು ಹಸಿದು ಮನೆಯೊಳಗೆ ನುಗ್ಗುತ್ತವೆ, ಸಿಕ್ಕವರನ್ನು ಕಡಿಯುತ್ತವೆ. ಗೂಡು ತೆಗೆಸಿ, ಕಟ್ಟೆ ತೊಳೆದು, ಜಾಳಿಗೆಯ ಸಂದು ಮುಚ್ಚಿದ ಮೇಲೆ ಹುಡುಗನಿಗೆ ಹೊಸ ಗುಳ್ಳೆ ಏಳಲಿಲ್ಲ. ಅದಕ್ಕೆ ಮುಂಚೆ ಆ ಕೋಣೆಗೆ ಎಷ್ಟು ಸ್ಪ್ರೇ ಹೊಡೆದಿದ್ದರೋ, ಅದೆಲ್ಲ ಮಗುವಿನ ಉಸಿರಿಗೆ ಹೋಯಿತು.

ಯಾವುದು ಕಡಿಯಿತು ಎಂಬ ಪ್ರಶ್ನೆ ತುರಿಕೆಗಷ್ಟೇ ಸೇರಿದ್ದಲ್ಲ. ತಗಣಿ ರೋಗ ಹರಡುವುದಕ್ಕೆ ಪುರಾವೆ ಇಲ್ಲ, ಚಿಗಟ ಹಾಗಲ್ಲ. ಶಾಹೂ ಮಹಾರಾಜರ ಕಾಲದಲ್ಲಿ, 1890ರ ದಶಕದ ಕೊನೆಗೆ, ಕೊಲ್ಲಾಪುರ ಸೀಮೆಗೆ ಪ್ಲೇಗು ಬಂದು ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಇಲಿಯ ಚಿಗಟವೇ ಅದನ್ನು ದಾಟಿಸುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. 1994ರ ಆಗಸ್ಟ್‌ನಲ್ಲಿ ಬೀಡ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲೂ ಪ್ಲೇಗಿನ ಸುದ್ದಿಗೆ ಮೊದಲು ಇಲಿ ಸತ್ತು ಬಿದ್ದವು, ಚಿಗಟದ ಕಾಟ ಎಂದು ಜನ ದೂರಿದರು. "ಇಲಿ ಬಿದ್ದ ಮನ್ಯಾಗ ಮಲಗಬ್ಯಾಡ್ರಿ" ಎಂದು ಅಜ್ಜಿ ಗದರುತ್ತಿದ್ದುದು ಸುಮ್ಮನೆ ಅಲ್ಲ.

ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಗಂಧೆ ಏಳಬಹುದು, ಕೆಲವರಿಗೆ ಕಡಿದು ದಿನಗಳಾದ ಮೇಲೆ ಏಳಬಹುದು. ಆದ್ದರಿಂದ ಮೈ ನೋಡಿದರೆ ಸಾಲದು, ಮನೆಯನ್ನೂ ನೋಡಬೇಕು. ಬೆಳಗಿನ ಜಾವ ಬ್ಯಾಟರಿ ಹಿಡಿದು ಗಾದಿಯ ಹೊಲಿಗೆ, ಮಂಚದ ಕೀಲು, ಕಿಟಕಿಯ ಕಟ್ಟೆ ಹುಡುಕಿ. ಸಿಕ್ಕಿದ್ದನ್ನು ಅಂಟುಪಟ್ಟಿಗೆ ಹಚ್ಚಿ ಡಾಕ್ಟರರಿಗೆ ತೋರಿಸಿ. ಜ್ವರದ ಜೊತೆ ಮೈಮೇಲೆ ನೋವಿಲ್ಲದ ಕರಿ ಹಕ್ಕಳೆ ಕಂಡರೆ ಅದು ಬೇರೊಂದು ಬಗೆಯ ನುಸಿ ಕಡಿದು ಬರುವ ಸ್ಕ್ರಬ್ ಟೈಫಸ್ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಕಡಿದದ್ದು ಯಾವುದೆಂದು ತಿಳಿಯುವ ತನಕ ಮಕ್ಕಳು ಮಲಗುವ ಕೋಣೆಗೆ ವಿಷ ಹೊಡೆಯಬೇಡಿ.