ಬಿಟ್ಟಿದ್ದಾ, ಬಿಟ್ಟುಕೊಟ್ಟಿದ್ದಾ?

ಮೊನ್ನೆ ರಾತ್ರಿ ಹೋಂವರ್ಕ್ ಮಾಡ್ತಾ ಕೂತಿದ್ದ ಮಗಳು ಇದ್ದಕ್ಕಿದ್ದಂತೆ ಕೇಳಿದಳು, "ಅಪ್ಪಾ, ಗಿವ್ ಅಂದ್ರೆ ಕೊಡು, ಅಪ್ ಅಂದ್ರೆ ಮೇಲೆ. ಗಿವ್ ಅಪ್ ಅಂದ್ರೆ ಮೇಲಕ್ಕೆ ಕೊಡೋದಾ?"

ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನಾನು ಈ ಫ್ರೇಸಲ್ ವರ್ಬುಗಳಿಗೆ ಹೆದರಿದಷ್ಟು ಗಣಿತಕ್ಕೂ ಹೆದರಿದವನಲ್ಲ. ಗೊತ್ತಿರೋ ಎರಡು ಪದ ಸೇರಿಕೊಂಡು ಗೊತ್ತಿಲ್ಲದ ಮೂರನೇ ಅರ್ಥ ಕೊಡ್ತವೆ! ಆದರೂ ಮರ್ಯಾದೆ ಪ್ರಶ್ನೆ ನೋಡಿ, ಶುರು ಮಾಡಿದೆ :)

ಸಿಗರೇಟು ಬಿಟ್ಟರೆ ಗಿವ್ ಅಪ್. ಬಸ್ಸಿನಲ್ಲಿ ವಯಸ್ಸಾದವರಿಗೆ ಸೀಟು ಬಿಟ್ಟುಕೊಟ್ಟರೂ ಗಿವ್ ಅಪ್. ಒಗಟಿಗೆ ಉತ್ತರ ಹೊಳೆಯದೆ "ಸೋತೆ, ನೀನೇ ಹೇಳು" ಅಂತೀವಲ್ಲ, ಅದೂ ಐ ಗಿವ್ ಅಪ್. ಕಳ್ಳ ತಾನಾಗೇ ಪೊಲೀಸರಿಗೆ ಶರಣಾದರೆ ಗಿವ್ ಹಿಮ್‌ಸೆಲ್ಫ್ ಅಪ್. ಕೊನೆಗೊಂದು ಆನ್ ಸೇರಿಸಿದರೆ ಒಬ್ಬರ ಮೇಲಿನ ಆಸೆಯನ್ನೇ ಬಿಡೋದು. ಇಟ್ ಬಂದರೆ ಮಾತ್ರ ನಡುವೆಯೇ ಕೂರಬೇಕು. ಉಳ್ಳವರು ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಅಂತ 2015ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ಮಾಡಿತ್ತಲ್ಲ, ಅದರ ಹೆಸರು ಗಿವ್ ಇಟ್ ಅಪ್. ಗಿವ್ ಅಪ್ ಇಟ್ ಅಂದರೆ ತಪ್ಪು.

ಅಲ್ಲೇ ಸೊಪ್ಪು ಬಿಡಿಸ್ತಾ ಕೂತಿದ್ದ ಅಮ್ಮ ಕೇಳಿದಳು, "ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೂ ಇದೇನಾ?"

"ಹೌದಮ್ಮ, ಅದೇ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಬಿಟ್ಟಿದ್ದಲ್ಲ ಕಣೋ. ಇಬ್ಬರನ್ನೂ ಓದಿಸೋಕೆ ಆಗಲ್ಲ ಅಂದ್ರು ನಿಮ್ಮ ತಾತ. ನಿಮ್ಮ ಮಾವ ಓದಲಿ ಅಂತ ಬಿಟ್ಟುಕೊಟ್ಟಿದ್ದು."

ನನಗೆ ಮಾತು ಹೊರಡಲಿಲ್ಲ. ಇಷ್ಟು ವರ್ಷ ಕೇಳಿದವರಿಗೆಲ್ಲ "ನಮ್ಮಮ್ಮ ಎಂಟಕ್ಕೇ ಓದು ಬಿಟ್ಟವಳು" ಅಂತಲೇ ಹೇಳಿಕೊಂಡು ಬಂದಿದ್ದೆ. ಅವಳೂ ಒಮ್ಮೆಯೂ ತಿದ್ದಿರಲಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಗಿವ್ ಅಪ್. ಸಿಗರೇಟು ಬಿಟ್ಟಾಗ ಆ ಗಿವ್ ಯಾರಿಗೆ ಏನು ಕೊಡುತ್ತೋ ದೇವರೇ ಬಲ್ಲ. ನಮ್ಮ ಬಿಟ್ಟುಕೊಡುವುದರಲ್ಲಿ ಹಾಗಲ್ಲ, ಬಿಟ್ಟಿದ್ದನ್ನು ಪಡೆದುಕೊಂಡವರು ಆ ಕಡೆ ಒಬ್ಬರು ಇದ್ದೇ ಇರುತ್ತಾರೆ.

ಮಗಳು ನೋಟ್‌ಬುಕ್ಕಿನಲ್ಲಿ ವಾಕ್ಯ ಬರೆದಳು. ಮೈ ಗ್ರ್ಯಾಂಡ್‌ಮದರ್ ಗೇವ್ ಅಪ್ ಹರ್ ಸ್ಟಡೀಸ್. ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ, ಕೊನೆಗೆ ಫಾರ್ ಹರ್ ಬ್ರದರ್ ಅಂತ ಸೇರಿಸಿದಳು.

"ಏನು ಬರೆದೆ ಪುಟ್ಟಿ, ಕನ್ನಡದಲ್ಲಿ ಹೇಳು" ಅಂದಳು ಅಮ್ಮ.

ನಿಮ್ಮನೆಯಲ್ಲೂ ಹೀಗೆ ಓದು 'ಬಿಟ್ಟವರು' ಯಾರಾದರೂ ಇದ್ದರೆ, ಒಮ್ಮೆ ಕೇಳಿ ನೋಡಿ...