ಆರು ಮೊಳೆ ತೂತು, ಎರಡು ಸಲ ಪೇಂಟಿಂಗ್

(1/4)

ಫೋಟೋದಲ್ಲಿರೋ ಗೋಡೆ ಸ್ವಲ್ಪ ಝೂಮ್ ಮಾಡಿ ನೋಡಿ. ಆರು ತೂತು ಕಾಣ್ತಿದೆಯಾ? ಮೇಲಿನ ನಾಲ್ಕು ಸೀರಿಯಲ್ ಲೈಟ್ ಕಟ್ಟೋಕೆ ಹೊಡೆದಿದ್ದು, ಕೆಳಗಿನ ಎರಡು ಕನ್ನಡಿಗೆ. ಆರೂ ನಾವೇ ಹೊಡೆದಿದ್ದು. ಈ ತೂತುಗಳ ಸುದ್ದಿ ಕೇಳಿದ್ರೆ ನೀವು ಮೊದಲನೇ ಸಲ ಮನೆ ಹುಡುಕುವಾಗ ಸ್ವಲ್ಪ ಹುಷಾರಾಗಿರ್ತೀರಿ ಅಂತ ಬರೀತಿದೀನಿ. ಫೈನಲ್ ಇಯರ್‌ನವರು, ಮುಂದಿನ ತಿಂಗಳು ಬೆಂಗಳೂರಿಗೆ ಹೊರಟಿರೋರು, ಸೇವ್ ಮಾಡ್ಕೊಳ್ಳಿ.

2022ರ ಜುಲೈ. ನಾವು ಮೂರು ಜನ. ಹಾಸನದವಳೊಬ್ಬಳು, ರಾಯಚೂರಿನವಳೊಬ್ಬಳು, ಅರಸೀಕೆರೆ ಕಡೆಯ ನಾನು. ವಿಜಯನಗರದ ಹತ್ರ ಎರಡು ರೂಮಿನ ಮನೆ, ಬಾಡಿಗೆ 18,000. ಅಡ್ವಾನ್ಸ್ ಹತ್ತು ತಿಂಗಳದ್ದು ಅಂದ್ರು, ಅಂದ್ರೆ 1,80,000. ಆಂಟಿ ಹತ್ರ ಅರ್ಧ ಗಂಟೆ ಗೋಗರೆದು ಒಂದೂವರೆ ಲಕ್ಷಕ್ಕೆ ಇಳಿಸಿದ್ವಿ. ಇಳಿಸಿದ ಖುಷಿಗೆ ಬರ್ತಾ ಮಸಾಲೆ ದೋಸೆ ಬೇರೆ ತಿಂದ್ವಿ.

ತಲಾ 50,000 ಆಯ್ತು. ನನ್ನ ಪಾಲು ಎಲ್ಲಿಂದ ಬಂತು ಅಂದ್ರೆ ಅಮ್ಮನ ಎರಡು ಬಳೆ. ಊರಿನ ಸೊಸೈಟೀಲಿ ಅಡ ಇಟ್ಟು ದುಡ್ಡು ಕಳಿಸಿದ್ಲು. ಅಪ್ಪಂಗೆ ಹೇಳಿರಲಿಲ್ಲ. ಆ ವರ್ಷ ಕೊಬ್ಬರಿ ರೇಟು ಬಿದ್ದಿತ್ತು, ಮನೇಲಿ ದುಡ್ಡಿನ ಮಾತೆತ್ತಿದ್ರೆ ಜಗಳ. "ಅಡ್ವಾನ್ಸ್ ಅಲ್ವೇನೇ, ಬಿಡುವಾಗ ವಾಪಸ್ ಬರತ್ತೆ, ಆಗ ಬಿಡಿಸ್ಕೊಂಡ್ರಾಯ್ತು" ಅಂದಿದ್ಲು ಅಮ್ಮ. ವಾಪಸ್ ಬರೋ ದುಡ್ಡು ಅಂತ ನಂಬಿದ್ದಕ್ಕೇ ಅಷ್ಟು ಧೈರ್ಯವಾಗಿ ಕೊಟ್ಟಿದ್ದು.

ಅಗ್ರಿಮೆಂಟು ಎಲ್ಲರ ಥರ 11 ತಿಂಗಳದ್ದು. ಒಂದು ವರ್ಷ ದಾಟಿದ ಕರಾರಾದ್ರೆ ರಿಜಿಸ್ಟರ್ ಮಾಡಿಸ್ಬೇಕು, ಅದನ್ನ ತಪ್ಪಿಸೋಕೆ ಈ 11. ಎರಡನೇ ಪುಟದ ಕೊನೇಲಿ ಒಂದು ಸಾಲಿತ್ತು: ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು. ಮೂರು ಜನಾನೂ ಓದಿದ್ವಿ. ಬೆಂಗಳೂರಲ್ಲಿ ಎಲ್ಲಾ ಕಡೆ ಹೀಗೇ ಅಂತ ಬ್ರೋಕರ್ ಅಂದ. ಸೈನ್ ಹಾಕಿದ್ವಿ.

(2/4)

ಒಂದು ಮಾತು ಹೇಳ್ಬೇಕು. ಓನರ್ ಕೆಟ್ಟೋರಲ್ಲ. ಯುಗಾದಿಗೆ ಆಂಟಿ ಹೋಳಿಗೆ ಕಳಿಸೋರು. ನನಗೆ ಡೆಂಗ್ಯೂ ಬಂದಾಗ ಅಂಕಲ್ಲೇ ರಾತ್ರಿ ಹನ್ನೊಂದಕ್ಕೆ ಸ್ಕೂಟರಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಅದಕ್ಕೇ ಮುಂದೆ ಆಗಿದ್ದು ಇವತ್ತಿಗೂ ಅರಗಲ್ಲ. ಸಿನಿಮಾದ ವಿಲನ್ ಥರ ಇದ್ದಿದ್ರೆ ಎಷ್ಟೋ ಸುಲಭ ಇತ್ತು.

2024ರ ಮೇನಲ್ಲಿ ಖಾಲಿ ಮಾಡಿದ್ವಿ. ಬೀಗದ ಕೈ ಕೊಟ್ಟಾಗ ಅಂಕಲ್, "ಹೊಸಬರು ಬರ್ಲಿ ಕಣಮ್ಮಾ, ಅವರ ಅಡ್ವಾನ್ಸ್ ಬಂದ ತಕ್ಷಣ ಹಾಕ್ತೀನಿ" ಅಂದ್ರು. ನಮ್ಮ ದುಡ್ಡು ಎಲ್ಲಿ ಹೋಯ್ತು ಅಂತ ಆಗ ತಲೆಗೆ ಹೋಯ್ತು. ಮೇಲೆ ಎರಡನೇ ಮಹಡಿ ಎದ್ದಿತ್ತಲ್ಲ, ಅದರ ಕಂಬಿ ಸಿಮೆಂಟಲ್ಲಿ ಅಮ್ಮನ ಬಳೆನೂ ಸೇರಿತ್ತು. ಅಡ್ವಾನ್ಸ್ ಅನ್ನೋದು ಯಾರ ಮನೇಲೂ ಬೀರುವಲ್ಲಿ ಕೂತಿರಲ್ಲ. ನಿಮ್ಮದನ್ನ ನಿಮ್ಮ ನಂತರ ಬರೋರು ಕೊಡ್ತಾರೆ, ಅವರದ್ದನ್ನ ಅವರ ನಂತರದವರು.

ಮೂರು ವಾರ ಆದ್ಮೇಲೆ ವಾಟ್ಸಾಪಲ್ಲಿ ಒಂದು ಚೀಟಿಯ ಫೋಟೋ ಬಂತು. ಪೇಂಟಿಂಗ್ 18,000. ಗೀಸರ್ 7,500. ಕ್ಲೀನಿಂಗ್ 6,000. ಅಡುಗೆಮನೆ ಕಲ್ಲು 5,000. ಮೊಳೆ ತೂತು 2,000. ಕರೆಂಟ್ ಬಾಕಿ 1,500. ಒಟ್ಟು 40,000. ಉಳಿದ 1,10,000 ಅಕೌಂಟಿಗೆ ಬಿತ್ತು.

ಪೇಂಟಿಂಗ್ ಮಾಡಿಸೋದಾದ್ರೆ ಮೊಳೆ ತೂತಿಗೆ ಬೇರೆ ದುಡ್ಡು ಯಾಕೆ? ಪುಟ್ಟಿ ಹಾಕದೇ ಯಾರಾದ್ರೂ ಬಣ್ಣ ಹೊಡೀತಾರಾ? ಗೀಸರ್ ಮೇಲಿನ ಸ್ಟಿಕ್ಕರಲ್ಲಿ 2015 ಅಂತಿತ್ತು, ನಾವು ಬರೋ ಹೊತ್ತಿಗೇ ಅದು ಮುದುಕ. ಅದರ ಕಾಯಿಲ್ ಹೋದ್ರೆ ಹೊಸ ಗೀಸರ್ ನಾವು ತಂದ್ಕೊಡ್ಬೇಕಾ?

ಆದ್ರೆ ಕಲ್ಲು... ಕಲ್ಲು ನಮ್ಮದೇ ತಪ್ಪು. ಒಂದಿನ ತೆಂಗಿನಕಾಯಿ ಒಡೆಯೋಕೆ ಕತ್ತಿ ಇಲ್ಲದೇ ಕಡಪ ಕಲ್ಲಿನ ಅಂಚಿಗೆ ಕುಟ್ಟಿದ್ದು ನಾನು. ಬಿರುಕು ಬಿಡ್ತು. ನಾಲ್ಕು ತಿಂಗಳು ಅಕ್ಕಿ ಡಬ್ಬ ಅಡ್ಡ ಇಟ್ಟು ಮುಚ್ಚಿದ್ವಿ. ಆಂಟಿ ಬಂದಾಗೆಲ್ಲ ಡಬ್ಬದ ಮುಂದೆ ನಿಂತ್ಕೊಳ್ಳೋದು ನನ್ನ ಡ್ಯೂಟಿ. ಅರಸೀಕೆರೆಯವಳಿಗೆ ಕಾಯಿ ಒಡೆಯೋಕೆ ಬರಲ್ಲ ಅಂತ ಇವತ್ತಿಗೂ ಆಡ್ಕೋತಾರೆ.

(3/4)

ಅದೇ ವಾರ ಗೊತ್ತಿಲ್ಲದ ನಂಬರಿಂದ ಮೆಸೇಜ್. ಆ ಮನೆಗೆ ಹೊಸದಾಗಿ ಬಂದ ಹುಡುಗಿ. ನಮ್ಮ ಹೆಸರಿನ ಪಾರ್ಸಲ್ ಬಂದಿದೆ, ತಗೊಂಡು ಹೋಗಿ ಅಂತ. ಜೊತೆಗೆ ಈ ಫೋಟೋ. "ಅಕ್ಕಾ, ಈ ತೂತು ನಿಮ್ಮದಾ? ನಾನೂ ಇಲ್ಲೇ ಲೈಟ್ ಕಟ್ಲಾ?"

ಪೇಂಟೇ ಆಗಿರ್ಲಿಲ್ಲ. ನಾವು ಬಿಟ್ಟ ನಾಲ್ಕನೇ ದಿನ ಅವಳು ಸಾಮಾನು ಇಳಿಸಿದ್ಲು.

ನನಗಂತೂ ಆ ಕ್ಷಣ ಗೆದ್ದಂಗಾಯ್ತು. ಫೋಟೋ ಅಂಕಲ್ ಮುಖಕ್ಕೆ ಹಿಡಿದ್ರೆ ಮುಗೀತು ಅಂತ. ರಾಯಚೂರಿನವಳೇ ತಡೆದಿದ್ದು. "ಆ ಹುಡುಗಿ ಅಲ್ಲೇ ಇರಬೇಕಲ್ಲೇ. ಆಕಿ ರೊಕ್ಕನೂ ಅವರ ಕೈಯಾಗೇ ಐತಿ" ಅಂದ್ಲು. ಹುಡುಗಿಗೆ ಕೇಳಿದ್ವಿ. ಒಂದು ಗಂಟೆ ಬ್ಲೂ ಟಿಕ್, ಉತ್ತರ ಇಲ್ಲ. ಆಮೇಲೆ: "ಅಕ್ಕಾ ಪ್ಲೀಸ್ ಬೇಡ."

ಅಲ್ಲಿಗೆ ಫೋಟೋ ನನ್ನ ಗ್ಯಾಲರೀಲೇ ಉಳೀತು.

ಫೋಟೋ ಇಲ್ಲದೇನೇ ಭಾನುವಾರ ಹೋದ್ವಿ. ಹೋಗೋ ಮುಂಚೆ ಸ್ವಲ್ಪ ಓದಿದ್ದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ, 108ನೇ ಸೆಕ್ಷನ್. ಕರಾರಲ್ಲಿ ಬೇರೆ ಥರ ಬರ್ಕೊಂಡಿಲ್ಲ ಅಂದ್ರೆ ಬಾಡಿಗೆದಾರ ಮನೇನ ತಗೊಂಡಾಗ ಇದ್ದ ಸ್ಥಿತೀಲೇ ವಾಪಸ್ ಕೊಡ್ಬೇಕು, ಆದ್ರೆ ಬಳಸ್ತಾ ಸಹಜವಾಗಿ ಸವೆದಿದ್ದು ಅವನ ಲೆಕ್ಕಕ್ಕಲ್ಲ. ಗೀಸರ್ ವಿಷಯದಲ್ಲಿ ನಮಗೆ ಬೇಕಾಗಿದ್ದು ಇಷ್ಟೇ. ಕೇಂದ್ರದವರು 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೇಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತಿದೆ, ಆದ್ರೆ ಅದು ರಾಜ್ಯ ತನ್ನ ಕಾನೂನಾಗಿ ಮಾಡ್ಕೊಂಡ್ರೆ ಮಾತ್ರ ಲೆಕ್ಕ. ಅದನ್ನ ಹಿಡ್ಕೊಂಡು ಓನರ್ ಹತ್ರ ಜಗಳಕ್ಕೆ ಹೋಗ್ಬೇಡಿ, ನಗ್ತಾರೆ.

ಕಲ್ಲಿನ ವಿಷಯ ನಾನೇ ಮೊದಲು ಎತ್ತಿದೆ. "ಆಂಟಿ, ಅದು ನಾನೇ ಒಡೆದಿದ್ದು. ಹೇಳ್ದೇ ಇದ್ದಿದ್ದು ತಪ್ಪಾಯ್ತು. ಬಿಲ್ ತೋರ್ಸಿ, ಪೂರ್ತಿ ಕೊಡ್ತೀವಿ." ಆಂಟಿ ಒಳಗೆ ಹೋಗಿ ಬಿಲ್ ತಂದ್ರು. 3,200 ಇತ್ತು. ಅಂಕಲ್ ಆಂಟಿ ಮುಖ ನೋಡಿದ ರೀತಿ ನೋಡ್ಬೇಕಿತ್ತು ನೀವು.

ಆಮೇಲೆ ಒಂದೊಂದಾಗಿ ಕೇಳ್ತಾ ಹೋದ್ವಿ. ಗೀಸರ್ ಸ್ಟಿಕ್ಕರಿನ ಫೋಟೋ ತೋರಿಸಿದ್ವಿ, ಬಿಟ್ರು. ಮೊಳೆ ತೂತಿನ 2,000 ಬಿಟ್ರು. ಕ್ಲೀನಿಂಗ್ 2,500ಕ್ಕೆ ಇಳೀತು. ಪೇಂಟಿಂಗ್ ಬಿಲ್ ಕೇಳಿದ್ದೇ ತಡ, ಅಂಕಲ್ ದನಿ ಏರಿತು. "ನಮ್ಮ ಹಳೇ ಪೇಂಟರು, ಬಿಲ್ಲು ಗಿಲ್ಲು ಕೊಡಲ್ಲ. ಅಗ್ರಿಮೆಂಟಲ್ಲಿ ಸೈನ್ ಹಾಕಿದ್ದೀರ ತಾನೇ? ಮಕ್ಕಳ ಥರ ನೋಡ್ಕೊಂಡಿದ್ದಕ್ಕೆ ಇದಾ?"

ಜೇಬಲ್ಲಿ ಫೋನ್. ಫೋನಲ್ಲಿ ಗೋಡೆ. ಬಾಯಿ ಮುಚ್ಕೊಂಡು ಕೂತಿದ್ದೆ. ಆ ಸ್ಕೂಟರು, ಆ ರಾತ್ರಿ, ಎಲ್ಲಾ ನೆನಪಾಗಿ ಇನ್ನೂ ಕೆಟ್ಟದನ್ನಿಸ್ತು.

ಒಟ್ಟು 14,800 ವಾಪಸ್ ಬಂತು, ತಲೆಗೆ ಐದು ಸಾವಿರಕ್ಕೆ ಸ್ವಲ್ಪ ಕಮ್ಮಿ. ಪೇಂಟಿಂಗ್‌ನ 18,000 ಹೋಯ್ತು. ನನ್ನ ಪಾಲಿಗೆ ಬಂದ ದುಡ್ಡಲ್ಲಿ ಅಸಲು, ಬಡ್ಡಿ ಕಟ್ಟೋಕೆ ಸಾಲ್ದೇ ಒಂದೇ ಬಳೆ ಬಿಡಿಸಿದ್ವಿ. ಇನ್ನೊಂದಕ್ಕೆ ನನ್ನ ಸಂಬಳದಲ್ಲಿ ಏಳು ತಿಂಗಳು ಹಿಡೀತು. ಮಧ್ಯೆ ಚಿಕ್ಕಪ್ಪನ ಮಗಳ ಮದುವೇಲಿ ಅಮ್ಮ ಎರಡೂ ಕೈಗೆ ಗಾಜಿನ ಬಳೆ ತುಂಬ್ಕೊಂಡು, ಆ ಒಂದು ಚಿನ್ನದ್ದನ್ನ ಅದರ ಮಧ್ಯೆ ಸೇರಿಸ್ಕೊಂಡು ಓಡಾಡಿದ್ಲು. ಅಪ್ಪ ಗಮನಿಸಲೇ ಇಲ್ಲ. ಅಥವಾ ಗಮನಿಸಿ ಸುಮ್ನಿದ್ರೋ ಏನೋ.

(4/4)

ಡಿಎಮ್ಮಲ್ಲಿ ಕೇಳಿದೋರಿಗೆ. ಮನೆಗೆ ಸಾಮಾನು ಇಳಿಸೋ ಮುಂಚೆ ಖಾಲಿ ಮನೆ ಪೂರ್ತಿ ವಿಡಿಯೋ ಮಾಡಿ: ಗೋಡೆ, ನಲ್ಲಿ, ಸಿಂಕ್ ಕೆಳಗೆ, ಗೀಸರ್ ಸ್ಟಿಕ್ಕರ್, ಕರೆಂಟ್ ಮೀಟರ್. ಮಾಡಿ ಓನರ್‌ಗೇ ವಾಟ್ಸಾಪ್ ಮಾಡಿ, ತಾರೀಕು ತಾನೇ ಉಳಿಯತ್ತೆ. ಅಡ್ವಾನ್ಸ್ ಕ್ಯಾಶ್ ಕೊಡ್ಬೇಡಿ. ಪೇಂಟಿಂಗ್ ಸಾಲಿನ ಮುಂದೆ "ಬಿಲ್ ಪ್ರಕಾರ, ಒಂದು ತಿಂಗಳ ಬಾಡಿಗೆ ಮೀರದಂತೆ" ಅಂತ ಪೆನ್ನಲ್ಲಾದ್ರೂ ಬರೆಸಿ ಇಬ್ಬರೂ ಸೈನ್ ಹಾಕಿ. ಮುಂಚೆ ಕೇಳಿದ್ರೆ ಎಷ್ಟೋ ಜನ ಒಪ್ತಾರೆ, ಬೀಗದ ಕೈ ಕೊಟ್ಟ ಮೇಲೆ ಯಾರೂ ಒಪ್ಪಲ್ಲ. ಕೊನೇ ಎರಡು ಮೂರು ತಿಂಗಳು ಬಾಡಿಗೆ ಕಟ್ಬೇಡ, ಅಡ್ವಾನ್ಸಲ್ಲಿ ವಜಾ ಮಾಡ್ಕೋ ಅಂತ ಸೀನಿಯರ್ಸ್ ಹೇಳ್ತಾರೆ. ಓನರ್ ಒಪ್ಪಿ ಮೆಸೇಜಲ್ಲಿ ಹೇಳಿದ್ರೆ ಮಾಡಿ, ಇಲ್ಲ ಅಂದ್ರೆ ಕರಾರು ಮುರಿದವರು ನೀವೇ ಆಗ್ತೀರಿ. ಮತ್ತೆ, ಏನಾದ್ರೂ ಒಡೆದ್ರೆ ಅವತ್ತೇ ಹೇಳ್ಬಿಡಿ. ಅಕ್ಕಿ ಡಬ್ಬ ಅಡ್ಡ ಇಡ್ಬೇಡಿ.

ಈಗ ಫೋಟೋ ಯಾಕೆ ಹಾಕಿದೆ ಅಂತ ಕೇಳ್ತೀರಿ. ಆ ಹುಡುಗೀನೂ 11 ತಿಂಗಳು ಮುಗಿಸಿ ಖಾಲಿ ಮಾಡಿದ್ಲು. ಹೊಸ ಬಾಡಿಗೆ 20,000 ಆಗಿತ್ತು. ಅವಳಿಗೂ ಚೀಟಿ ಬಂದಿದೆ, ಮೊದಲನೇ ಸಾಲೇ ಪೇಂಟಿಂಗ್ 20,000. ಖಾಲಿ ಮಾಡಿದ ದಿನ ಅವಳು ತೆಗೆದ ವಿಡಿಯೋ ಎರಡನೇ ಸ್ಲೈಡಲ್ಲಿದೆ. ಅದೇ ಗೋಡೆ, ಅದೇ ಆರು ತೂತು, ಅವಳ ಲೈಟೂ ನಮ್ಮ ತೂತಲ್ಲೇ.

ನಿನ್ನೆ ರಾತ್ರಿ ಮೆಸೇಜ್ ಮಾಡಿದ್ಲು: "ಅಕ್ಕಾ, ಈಗ ಆ ಫೋಟೋ ಹಾಕಿ ಪರ್ವಾಗಿಲ್ಲ. ಭಾನುವಾರ ಅಂಕಲ್ ಹತ್ರ ಮಾತಾಡೋಕೆ ಹೋಗ್ತಿದೀನಿ. ಒಬ್ಬಳೇ ಹೋಗೋಕೆ ಭಯ."

ಬರ್ತೀನಿ ಅಂದಿದೀನಿ. ಹಾಸನದವಳೂ ರಜಾ ಹಾಕ್ತಿದಾಳೆ. ರಾಯಚೂರಿನವಳು ಈಗ ಪುಣೇಲಿ, ವಿಡಿಯೋ ಕಾಲಲ್ಲಿ ಇರ್ತಾಳಂತೆ. ಹತ್ತು ಗಂಟೆಗೆ ಮೆಟ್ರೋ ಸ್ಟೇಷನ್ ಹತ್ರ ಸೇರ್ತೀವಿ.