ನಡುವಿನ ಬೋಗುಣಿ

ಹೋಟೆಲಿನ ಊಟದಲ್ಲಿ ಒಂದು ಬಗೆಯ ಒಂಟಿತನವುಂಟು. ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕುಳಿತಿದ್ದರೂ ಅಪ್ಪನ ದೋಸೆ ಅಪ್ಪನದು, ಮಗಳ ಪೂರಿ ಮಗಳದು. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಿದರೆ ಎಂಜಲೆಂಬ ಶಾಸ್ತ್ರ ಅಡ್ಡ ಬರುತ್ತದೆ. ಈ ಸಂಸ್ಕಾರದಲ್ಲಿ ಬೆಳೆದ ನನಗೆ ಫಿಲಿಪ್ಪೀನ್ಸ್ ದೇಶದ ಊಟದ ಮನೆಯೊಂದು ಬೇರೆಯೇ ಪಂಕ್ತಿಯನ್ನು ತೋರಿಸಿತು.

ನನ್ನ ಮಗನಿಗೆ ಮನಿಲಾದಲ್ಲಿ ಉದ್ಯೋಗ. ಅವನನ್ನು ಕಾಣಲು ಹೋದವನು ಕೆಲವು ವಾರ ಅಲ್ಲಿಯೇ ತಂಗಿದ್ದೆ. ಆ ನಗರದಲ್ಲಿ ‘ಕರಿಂದೇರಿಯಾ’ ಎಂಬ ಸಣ್ಣ ಊಟದ ಮನೆಗಳು ಹೇರಳವಾಗಿವೆ. ಮುಂಗಟ್ಟೆಯ ಮೇಲೆ ಪಾತ್ರೆಗಳು ಸಾಲಾಗಿ ಕುಳಿತಿರುತ್ತವೆ. ಗಿರಾಕಿಯು ಬೇಕಾದುದನ್ನು ಬೆರಳಿನಿಂದ ತೋರಿಸಿದರಾಯಿತು. ಈ ಪದ್ಧತಿಗೆ ‘ತುರೊ-ತುರೊ’ ಎಂದು ಹೆಸರು. ‘ತೋರು ತೋರು’ ಎಂದೇ ಅರ್ಥ. ಕನ್ನಡಿಗನಿಗೆ ದುಭಾಷಿಯ ಅಗತ್ಯವೇ ಬೀಳದು!

ನಾವು ಹೋಗುತ್ತಿದ್ದುದು ಒಂದು ಸಂಸಾರವೇ ನಡೆಸುತ್ತಿದ್ದ ಊಟದ ಮನೆಗೆ. ತಾಯಿ ಒಲೆಯ ಮುಂದೆ, ಮಗ ಲೆಕ್ಕದ ಮುಂದೆ. ಮೇಜಿನ ನಡುವೆ ಅನ್ನದ ದೊಡ್ಡ ಬೋಗುಣಿ. ಅದರ ಸುತ್ತ ಹುಣಿಸೆಯ ಹುಳಿಯಲ್ಲಿ ಕುದಿಸಿದ ‘ಸಿನಿಗಾಂಗ್’, ವಿನಿಗರ್, ಸೋಯಾ ರಸ, ಬೆಳ್ಳುಳ್ಳಿಗಳಲ್ಲಿ ಬೆಂದ ‘ಅಡೋಬೊ’, ಕಡಲೆಕಾಯಿಯ ಗಟ್ಟಿ ರಸದ ‘ಕರೆ-ಕರೆ’, ಸುರುಳಿ ಸುತ್ತಿ ಕರಿದ ‘ಲುಂಪಿಯಾ’. ಯಾರದೂ ಇದು ಎಂದಿಲ್ಲ. ಎಲ್ಲರೂ ನಡುವಿನಿಂದ ಬಡಿಸಿಕೊಳ್ಳುವವರೇ.

ಮಾಂಸ ಮೀನುಗಳಿಲ್ಲದ ಪಾತ್ರೆ ಅಲ್ಲಿ ಅಪೂರ್ವ. ಬರಿಯ ತರಕಾರಿಯಂತೆ ಕಾಣುವ ‘ಪಿನಕ್ಬೆತ್’ ಎಂಬ ಪಲ್ಯಕ್ಕೂ ಸಿಗಡಿಯ ಉಪ್ಪುಗೊಜ್ಜು ಬಿದ್ದಿರುತ್ತದೆ. ನನ್ನ ಸಂಕಟವನ್ನು ಕಂಡ ಆ ತಾಯಿ, ನೀರಿನಲ್ಲಿ ಬೆಳೆಯುವ ‘ಕಾಂಗ್‌ಕೋಂಗ್’ ಸೊಪ್ಪನ್ನು ಬೇರೆ ಬಾಣಲೆಯಲ್ಲಿ ಬಾಡಿಸಿ ತಂದಿಟ್ಟಳು. ಜೊತೆಗೆ ಪರಂಗಿಕಾಯಿಯ ಉಪ್ಪಿನಕಾಯಿ. ಹೆಸರೇನೆಂದರೆ ‘ಅಚ್ಚಾರ’ ಎಂದಳು! ನಮ್ಮ ಕಡಲ ಕರೆಯಿಂದ ಹೋದದ್ದು ಹೆಸರು ಮಾತ್ರವಲ್ಲ. 1762ರಲ್ಲಿ ಬ್ರಿಟಿಷರು ಮನಿಲಾವನ್ನು ಹಿಡಿದಾಗ ಮದರಾಸಿನಿಂದ ಹಡಗೇರಿ ಬಂದಿದ್ದ ಸಿಪಾಯಿಗಳಲ್ಲಿ ಕೆಲವರು ಸಮೀಪದ ಕಾಯಿಂತಾ ಎಂಬ ಊರಿನಲ್ಲಿ ನೆಲೆ ನಿಂತರು. ಕರೆ-ಕರೆಯ ಹುಟ್ಟಿಗೆ ಅವರೇ ಕಾರಣರೆಂದು ಹೇಳುವುದುಂಟು.

ಅಲ್ಲಿ ಉಣ್ಣುತ್ತಿರುವವನು ಹಾದುಹೋಗುವವನನ್ನು ಕಂಡರೆ ‘ಕಾಯಿನ್ ತಾಯೊ’, ಅಂದರೆ ‘ಬನ್ನಿ, ಉಣ್ಣೋಣ’ ಎನ್ನುತ್ತಾನೆ. ಪರಿಚಿತರನ್ನು ‘ಉಂಡೆಯಾ?’ ಎಂದು ಕೇಳುತ್ತಾರೆ. ಇದೂ ನಮ್ಮ ‘ಊಟವಾಯಿತೇ?’ ಎಂಬ ಕುಶಲಪ್ರಶ್ನೆಯೇ ಅಲ್ಲವೇ?

ಒಂದು ಸಂಜೆ ಪಕ್ಕದ ಮೇಜಿಗೆ ಎಂಟು ಮಂದಿಯ ಕುಟುಂಬವೊಂದು ಬಂದಿತು. ಅಜ್ಜಿಯಿಂದ ಹಿಡಿದು ತೊದಲು ಮಾತಿನ ಕೂಸಿನವರೆಗೆ ಎಲ್ಲರೂ ಇದ್ದರು. ಆ ಕೂಸಿನ ತಾಯಿ ಮರುದಿನ ದಾದಿಯ ಕೆಲಸಕ್ಕಾಗಿ ರಿಯಾದ್‌ಗೆ ಹೊರಡುವವಳೆಂದು ಮಗ ಅವರ ಮಾತಿನಿಂದ ತಿಳಿದು ನನಗೆ ಹೇಳಿದ. 2023ರ ಸರಕಾರಿ ಸಮೀಕ್ಷೆಯಂತೆ ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು ಫಿಲಿಪಿನೋ ಜನರು ಪರದೇಶಗಳಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಆ ದೊಡ್ಡ ಅಂಕಿಯಲ್ಲಿ ಸೇರಲಿದ್ದ ಒಂದು ಜೀವ ನನ್ನ ಮೊಳಕೈಯಷ್ಟು ದೂರದಲ್ಲಿ ಕೂಸಿಗೆ ಅನ್ನ ಕಲಸುತ್ತಿತ್ತು.

ನಗು, ಹರಟೆ ಎಲ್ಲವೂ ನಡೆದಿತ್ತು. ಪ್ರಯಾಣದ ಮಾತನ್ನು ಯಾರೂ ಎತ್ತಲಿಲ್ಲ. ಕಡೆಗೆ ತಟ್ಟೆಯಲ್ಲಿ ಒಂದೇ ಒಂದು ಲುಂಪಿಯಾ ಉಳಿಯಿತು. ಕೊನೆಯ ತುಂಡನ್ನು ತಾನೇ ತೆಗೆದುಕೊಳ್ಳುವುದು ಆ ಜನಕ್ಕೆ ನಾಚಿಕೆಯ ಸಂಗತಿ. ಸಾಮಾನ್ಯವಾಗಿ ಅದು ಅನಾಥವಾಗಿ ಬಿದ್ದಿರುತ್ತದೆ. ಅಂದು ಅಜ್ಜಿ ಅದನ್ನೆತ್ತಿ ಮಗಳ ತಟ್ಟೆಗಿಟ್ಟಳು. ಮಗಳು ಅದನ್ನು ತಂದೆಗೆ ದಾಟಿಸಿದಳು, ತಂದೆ ಗಂಡನಿಗೆ, ಗಂಡ ಮತ್ತೆ ಅವಳಿಗೇ. ಎಲ್ಲರೂ ನಕ್ಕರು. ಅವಳೊಬ್ಬಳು ನಗಲಾರದೆ ತಲೆ ತಗ್ಗಿಸಿ, ಅದನ್ನು ಮುರಿದು ಮುರಿದು ಕೂಸಿನ ಬಾಯಿಗಿಟ್ಟಳು.

ನನ್ನ ಮಗ ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಆಮೇಲೆ ಅವನು, ಬೋಗುಣಿಯಲ್ಲಿ ಉಳಿದಿದ್ದ ಅನ್ನವನ್ನು, ಬೇಡವೆಂದರೂ ಕೇಳದೆ, ನನ್ನ ತಟ್ಟೆಗೆ ಬಡಿಸಿದ. ಅವನ ತಾಯಿ ಅವನಿಗೆ ಬಡಿಸುತ್ತಿದ್ದುದು ಹೀಗೆಯೇ.